ಮಣ್ಣಿನಿಂದ ಮದ್ದು ತೆಗೆದ ವಾಕ್ಸ್‌ಮನ್

ಮೊದಲ ಮಳೆ ಬಿದ್ದೊಡನೆ ಪೆರಿಯಕುಳಂನ ಮಾವಿನ ತೋಪುಗಳಿಂದೇಳುವ ಮಣ್ಣಿನ ವಾಸನೆಯನ್ನು ಬಲ್ಲದವರಾರು? ಆ ವಾಸನೆಗೆ ಮುಖ್ಯ ಕಾರಣ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳು. ಅವುಗಳ ಅಭ್ಯಾಸದಲ್ಲೇ ಆಯುಷ್ಯ ಕಳೆದ ಸೆಲ್ಮನ್ ವಾಕ್ಸ್‌ಮನ್ನರ ಜೀವನವನ್ನು ನಾವೀಗ ತಿಳಿಯೋಣ.

ವಾಕ್ಸ್‌ಮನ್ನರು 1888ರ ಜುಲೈ 22ರಂದು ಉಕ್ರೇನಿನ ಹಳ್ಳಿಯೊಂದರಲ್ಲಿ ಜನಿಸಿದರು. ಎಳೆಯ ತಂಗಿ ಗಂಟಲಮಾರಿಗೆ ಬಲಿಯಾದಳು. 1910ರಲ್ಲಿ ಅಮೆರಿಕಕ್ಕೆ ಹೋಗಿ, ರಟ್ಗರ್ಸ್‌ನಲ್ಲಿ ಕೃಷಿಶಾಸ್ತ್ರ ಕಲಿತು, ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದರು. 1943ರಲ್ಲಿ ಅವರ ಶಿಷ್ಯ ಆಲ್ಬರ್ಟ್ ಶಾಟ್ಸ್ ನೆಲಮಾಳಿಗೆಯ ಪ್ರಯೋಗಶಾಲೆಯಲ್ಲಿ ದುಡಿದು ಸ್ಟ್ರೆಪ್ಟೊಮೈಸಿನ್ ಔಷಧವನ್ನು ಕಂಡುಹಿಡಿದರು. ಕೀರ್ತಿ ಗುರುವಿಗೇ ಸಂದಿತು. 1950ರಲ್ಲಿ ಶಿಷ್ಯರು ನ್ಯಾಯಾಲಯಕ್ಕೆ ಹೋಗಿ ಸಹಶೋಧಕರೆಂಬ ಮನ್ನಣೆ ಪಡೆದರೂ 1952ರ ನೊಬೆಲ್ ಬಹುಮಾನ ವಾಕ್ಸ್‌ಮನ್ನರೊಬ್ಬರಿಗೇ ಬಂದಿತು. ಇದು ಸರಿಯಾಗಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಕ್ಷಯವೆಂದರೆ ಸಾವೆಂದೇ ಜನ ಎಣಿಸುತ್ತಿದ್ದ ಕಾಲವದು. ಬ್ರಿಟನ್ನಿನಲ್ಲಿ ನಡೆದ, 1948ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮದ್ದು ಪಡೆದ 55 ಜನರಲ್ಲಿ ಆರು ತಿಂಗಳೊಳಗೆ ಸತ್ತವರು 4. ಬರಿಯ ವಿಶ್ರಾಂತಿ ಪಡೆದ 52 ಜನರಲ್ಲಿ 14. ಆದರೆ ಆ 55 ಜನರಲ್ಲಿ 36 ಮಂದಿಗೆ ತಲೆಸುತ್ತು ಬಂದಿತು. ಈ ಜಾತಿಯ ಮದ್ದುಗಳಿಂದ ಕೆಲವರ ಕಿವಿಯೇ ಕೇಳದಂತಾಯಿತು.

ಕಾರಣವೇನು? ನಮ್ಮ ಒಳಕಿವಿಯ ಶಂಖದಲ್ಲಿ ಸುಮಾರು 15,000 ರೋಮಕೋಶಗಳಿವೆ. ಸದ್ದಿಗೆ ಅವುಗಳ ರೋಮಗಳು ಬಾಗಿದಾಗ ನರಕ್ಕೆ ಸುದ್ದಿ ಹೋಗುತ್ತದೆ. ಸಮತೋಲವನ್ನು ಕಾಯುವ ಭಾಗದಲ್ಲಿಯೂ ಇಂಥವೇ ಇವೆ. ಕೋಳಿಯ ಕಿವಿಯಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುತ್ತದೆ. ಮನುಷ್ಯನ ಶಂಖದಲ್ಲಿ ಹುಟ್ಟದು. ಮದ್ದು ಈ ಕೋಶಗಳೊಳಗೆ ಸೇರಿ ಅವನ್ನು ಕೊಲ್ಲುತ್ತದೆ.

ಕೆಲವರಿಗೆ ನಾಲ್ಕಾರು ಸೂಜಿಮದ್ದಿಗೇ ಕಿವುಡು ಬರುವುದೇಕೆಂಬುದು ವಾಕ್ಸ್‌ಮನ್ನರು 1973ರಲ್ಲಿ ಮಡಿಯುವವರೆಗೂ ಒಗಟಾಗಿತ್ತು. ಉತ್ತರ ದೊರೆತದ್ದು 1993ರಲ್ಲಿ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಬಹಳ ಹಿಂದೆ ಬ್ಯಾಕ್ಟೀರಿಯಗಳೇ ಆಗಿದ್ದವು. ಅವುಗಳ ವಂಶವಾಹಿಯ 1555ನೆಯ ಸ್ಥಾನದಲ್ಲಿ ಒಂದು ಅಕ್ಷರ ಬದಲಾದರೆ, ಅವುಗಳ ಒಂದು ಭಾಗ ಬ್ಯಾಕ್ಟೀರಿಯದ್ದನ್ನೇ ಇನ್ನಷ್ಟು ಹೋಲುತ್ತದೆ. ರೋಗಾಣುವಿಗೆಂದು ಕೊಟ್ಟ ಮದ್ದು ಅಲ್ಲಿಯೂ ಅಂಟಿಕೊಳ್ಳುತ್ತದೆ.

ಈ ಬದಲಾವಣೆ ತಾಯಿಯಿಂದಲೇ ಬರುವುದು. ಪೆರಿಯಕುಳಂನಿಂದ ಕಂಬಂವರೆಗೆ ಮನೆಯಲ್ಲಿ ಕನ್ನಡವಾಡುವ ನಮ್ಮವರಲ್ಲಿ ಸಂಬಂಧದೊಳಗೇ ಮದುವೆಯಾಗುವ ರೂಢಿಯುಂಟಷ್ಟೆ. ಅದಕ್ಕೂ ಇದಕ್ಕೂ ನಂಟಿಲ್ಲ. ಅವ್ವನಲ್ಲಿದ್ದರೆ ಸೋದರಮಾವನಲ್ಲಿಯೂ ಇರಬಹುದು, ಆದರೆ ಅವನ ಮಕ್ಕಳಿಗೆ ಅವನಿಂದ ದಾಟದು. ಚಿಕ್ಕಮ್ಮನ ಮಕ್ಕಳಿಗೆ ದಾಟುತ್ತದೆ. ಆದ್ದರಿಂದ ತಾಯಿಯ ಕಡೆಯವರಾರಿಗಾದರೂ ಸೂಜಿಮದ್ದಿನ ಬಳಿಕ ಕಿವಿ ಮಂದವಾಗಿದ್ದರೆ, ಜೆಂಟಾಮೈಸಿನ್, ಅಮಿಕಾಸಿನ್ ಮುಂತಾದವನ್ನು ಕೊಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹಸುಗೂಸಿನ ಕೆನ್ನೆಯ ಒಳಭಾಗವನ್ನು ಒರೆಸಿ, ಅರ್ಧ ಗಂಟೆಯೊಳಗೆ ಈ ಬದಲಾವಣೆಯನ್ನು ಪತ್ತೆಮಾಡುವ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಅಲ್ಲಿ ಬದಲಾವಣೆ ಕಂಡುಬಂದ ಕೂಸುಗಳಿಗೆ ಬೇರೆ ಮದ್ದು ಕೊಡಲಾಯಿತು.