ನಾನಿಯ ಸೂಜಿ ಮತ್ತು ಡಾಕ್ಟರ್ ಬ್ಯಾಂಟಿಂಗ್

ನವೆಂಬರ್ 14 ಎಂದರೆ ನಮಗೆಲ್ಲ ಮಕ್ಕಳ ದಿನಾಚರಣೆ. ಅದೇ ದಿನ ವಿಶ್ವ ಮಧುಮೇಹ ದಿನವೂ ಹೌದು ಎಂದು ನನಗೆ ಗೊತ್ತಾಗಿದ್ದು ಹೋದ ವರ್ಷದ ರಂಜಾನ್‌ನಲ್ಲಿ.

ಆಲೂರಿನಲ್ಲಿರುವ ನನ್ನ ನಾನಿಗೆ ಬಹಳ ವರ್ಷಗಳಿಂದ ಶುಗರ್ ಇದೆ. ರೋಜಾ ಶುರುವಾದಾಗ ಅವರು ಇನ್ಸುಲಿನ್ ಸೂಜಿ ನಿಲ್ಲಿಸಿಬಿಟ್ಟರು. ಹಗಲೆಲ್ಲ ಏನೂ ತಿನ್ನದಿದ್ದರೆ ಸಕ್ಕರೆ ಎಲ್ಲಿಂದ ಬರುತ್ತದೆ ಎಂಬುದು ಅವರ ಲೆಕ್ಕ. ನನಗೂ ಅದು ಸರಿ ಅನ್ನಿಸಿತ್ತು. ನಾಲ್ಕನೇ ದಿನ ವಾಂತಿ, ತಲೆಸುತ್ತು. ಹಾಸನದ ಆಸ್ಪತ್ರೆಗೆ ಕರೆದೊಯ್ದಾಗ ಶುಗರ್ ತುಂಬಾ ಏರಿತ್ತು. ತಿನ್ನದೆ ಏರಿದ್ದು ಹೇಗೆ? ಅದನ್ನು ತಿಳಿಯಲು ಹೋದಾಗ ಫ್ರೆಡರಿಕ್ ಬ್ಯಾಂಟಿಂಗ್ ಅವರ ಜೀವನ ಓದಿದೆ.

ಬ್ಯಾಂಟಿಂಗ್ 1891ರ ನವೆಂಬರ್ 14ರಂದು ಕೆನಡಾದ ಆಲಿಸ್ಟನ್ ಬಳಿ ರೈತರ ಮನೆಯಲ್ಲಿ ಹುಟ್ಟಿದರು. ವೈದ್ಯರಾಗಿ ಮೊದಲ ಮಹಾಯುದ್ಧಕ್ಕೆ ಹೋಗಿ ಗಾಯಗೊಂಡರು. 1920ರ ಜುಲೈನಲ್ಲಿ ಕ್ಲಿನಿಕ್ ತೆರೆದರೆ ರೋಗಿಗಳೇ ಬರಲಿಲ್ಲ. ಮೊದಲ ತಿಂಗಳ ಸಂಪಾದನೆ 4 ಡಾಲರ್. ಖರ್ಚಿಗಾಗಿ ಪಾಠ ಹೇಳಲು ಹೋದರು. ದೇಹ ಸಕ್ಕರೆಯನ್ನು ಹೇಗೆ ಬಳಸುತ್ತದೆ ಎಂಬ ಪಾಠಕ್ಕೆ ತಯಾರಿ ಮಾಡುತ್ತಿದ್ದ ಅಕ್ಟೋಬರ್ ಕೊನೆಯ ರಾತ್ರಿ ಅವರಿಗೆ ಪ್ರಯೋಗದ ಉಪಾಯ ಹೊಳೆಯಿತು.

1921ರ ಮೇ ತಿಂಗಳಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಪ್ರೊಫೆಸರ್ ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ಕೆಲಸ ಆರಂಭವಾಯಿತು. ಜೊತೆಗಿದ್ದವರು ಯುವಕ ಚಾರ್ಲ್ಸ್ ಬೆಸ್ಟ್. ನಾಯಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ರಸ ರಕ್ತದ ಸಕ್ಕರೆಯನ್ನು ಇಳಿಸಿತು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಅಂಥ ರಸದ ಮೊದಲ ಚುಚ್ಚುಮದ್ದು ಕೊಟ್ಟರು. ಅದು ಶುದ್ಧವಾಗಿರಲಿಲ್ಲ, ಫಲ ಸಿಗಲಿಲ್ಲ. ಕಾಲಿಪ್ ಎಂಬ ವಿಜ್ಞಾನಿ ಶುದ್ಧ ಮಾಡಿದ ಔಷಧಿಯನ್ನು ಜನವರಿ 23ರಂದು ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಅಲ್ಲಿಯವರೆಗೆ ಅಂಥ ಮಕ್ಕಳಿಗೆ ಇದ್ದ ಚಿಕಿತ್ಸೆ ಎಂದರೆ ಅರೆಹೊಟ್ಟೆ ಇಡುವುದು. ಅದರಿಂದ ಸಾವು ಸ್ವಲ್ಪ ಮುಂದಕ್ಕೆ ಹೋಗುತ್ತಿತ್ತು, ಅಷ್ಟೇ.

ಈಗ ನಾನಿಯ ಲೆಕ್ಕಕ್ಕೆ ಬರುತ್ತೇನೆ. ಕಾಮರ್ಸ್ ವಿದ್ಯಾರ್ಥಿಯಾಗಿ ನಾನು ಹೀಗೆ ಅರ್ಥ ಮಾಡಿಕೊಂಡೆ. ರಕ್ತದ ಗ್ಲೂಕೋಸ್ ಕೈಯಲ್ಲಿರುವ ನಗದು. ಯಕೃತ್ತಿನಲ್ಲಿರುವ ಗ್ಲೈಕೋಜನ್ ಉಳಿತಾಯ ಖಾತೆ. ಕೊಬ್ಬು ದೀರ್ಘಾವಧಿ ಠೇವಣಿ. ಊಟವಾದ ಮೇಲೆ ಮೇದೋಜೀರಕದ ಬೀಟಾ ಕೋಶಗಳು ತಮ್ಮೊಳಗೆ ಬಂದ ಗ್ಲೂಕೋಸನ್ನು ಉರಿಸುತ್ತವೆ. ಅದರಿಂದ ಶಕ್ತಿ ಹೆಚ್ಚು ಸಿಕ್ಕಷ್ಟೂ ಇನ್ಸುಲಿನ್ ಹೆಚ್ಚು ಬಿಡುತ್ತವೆ. ಆಗ ಸ್ನಾಯುಗಳು ಸಕ್ಕರೆ ತೆಗೆದುಕೊಳ್ಳುತ್ತವೆ, ಉಳಿದದ್ದು ಜಮೆಯಾಗುತ್ತದೆ. ಉಪವಾಸದಲ್ಲಿ ಇನ್ಸುಲಿನ್ ಇಳಿಯುತ್ತದೆ, ಯಕೃತ್ತು ಸಕ್ಕರೆ ಬಿಡುತ್ತದೆ, ಕೊಬ್ಬು ಕರಗುತ್ತದೆ. ಆದರೆ ಆರೋಗ್ಯವಂತರಲ್ಲಿ ಆಗಲೂ ಸ್ವಲ್ಪ ಇನ್ಸುಲಿನ್ ಇದ್ದೇ ಇರುತ್ತದೆ. ಅದೂ ಸಾಲದಾದರೆ ಖಾತೆಯಿಂದ ಹಣ ತೆಗೆಯುವುದನ್ನು ತಡೆಯುವವರೇ ಇಲ್ಲ. ನಾನಿಗೆ ಆದದ್ದು ಇದೇ.

1923ರಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಮ್ಮ ಪೇಟೆಂಟ್ ಹಕ್ಕನ್ನು ತಲಾ 1 ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. 4 ಡಾಲರ್ ತಿಂಗಳು ಕಂಡಿದ್ದ ಮನುಷ್ಯ ಇದಕ್ಕೆ ಒಪ್ಪಿದ್ದು ನನಗೆ ಆಶ್ಚರ್ಯ. ಅದೇ ವರ್ಷ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್ ಅವರಿಗೆ ನೊಬೆಲ್ ಬಂತು. ಬೆಸ್ಟ್ ಹೆಸರು ಇಲ್ಲವೆಂದು ಬ್ಯಾಂಟಿಂಗ್ ಸಿಟ್ಟಾದರು, ತಮ್ಮ ಹಣದಲ್ಲಿ ಅರ್ಧವನ್ನು ಅವರಿಗೆ ಕೊಟ್ಟರು. 1941ರ ಫೆಬ್ರವರಿಯಲ್ಲಿ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ನಡೆದ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 49 ವರ್ಷ.

ಈ ವರ್ಷ ರಂಜಾನ್‌ಗೆ ಮೊದಲೇ ನಾನಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ರೋಜಾ ಬೇಡ ಎಂದರು. ನಾನಿ ಅತ್ತರು, ಆಮೇಲೆ ಒಪ್ಪಿ ಫಿದ್ಯಾ ಕೊಟ್ಟರು. ಸೂಜಿ ಒಂದು ದಿನವೂ ತಪ್ಪಲಿಲ್ಲ. ನಿಮ್ಮ ಮನೆಯಲ್ಲೂ ಶುಗರ್ ಇರುವ ಹಿರಿಯರಿದ್ದರೆ, ಔಷಧಿ ನಿಲ್ಲಿಸುವ ಮೊದಲು ಡಾಕ್ಟರನ್ನು ಕೇಳಿ. ನಾವು ಕೇಳಿರಲಿಲ್ಲ.