ಮಕ್ಕಳ ತೋಟಗಾರ ಫ್ರೋಬೆಲ್

ಕೃಷ್ಣರಾಜಪೇಟೆ, ನಾಗಮಂಗಲಗಳಂಥ ಊರುಗಳಲ್ಲಿಯೂ ಇಂದು ಎಲ್.ಕೆ.ಜಿ., ಯು.ಕೆ.ಜಿ. ಎಂಬ ಹಲಗೆಗಳು ಕಾಣುತ್ತವೆ. ಆ ಅಕ್ಷರಗಳಲ್ಲಿ ಒಂದು ತೋಟ ಅಡಗಿದೆಯೆಂದು ನೆನೆಯುವವರು ವಿರಳ. ಕಿಂಡರ್‌ಗಾರ್ಟನ್ ಎಂದರೆ ಜರ್ಮನ್ ಭಾಷೆಯಲ್ಲಿ ಮಕ್ಕಳ ತೋಟ. ಫ್ರೀಡ್ರಿಕ್ ಫ್ರೋಬೆಲನು ಆ ಹೆಸರನ್ನು ಬರಿಯ ಅಲಂಕಾರಕ್ಕೆ ಇಟ್ಟವನಲ್ಲ. ಅವನ ಶಾಲೆಗೆ ನಿಜವಾದ ಪಾತಿಗಳು ಬೇಕಾಗಿದ್ದವು.

1782ರ ಏಪ್ರಿಲ್ 21ರಂದು, ತುರಿಂಗಿಯ ಸೀಮೆಯ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ, ಪಾದ್ರಿಯೊಬ್ಬನ ಮಗನಾಗಿ ಅವನು ಹುಟ್ಟಿದನು. ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಳು. ಮಲತಾಯಿಗೆ ತನ್ನದೇ ಮಗುವಾದ ಮೇಲೆ ಈ ಹುಡುಗ ಬೇಡವಾದನು, ತಂದೆಗೆ ಪುರುಸೊತ್ತಿರಲಿಲ್ಲ. ಮನೆಯ ತೋಟವೇ ಅವನ ಒಡನಾಡಿಯಾಯಿತು. ಹದಿನೈದರ ಪ್ರಾಯದಲ್ಲಿ ಅರಣ್ಯಾಧಿಕಾರಿಯೊಬ್ಬನ ಬಳಿ ಕೆಲಸ ಕಲಿಯಲು ಸೇರಿದನು. ಆ ಗುರು ಕಲಿಸಿದ್ದು ಅಲ್ಪ, ಕಾಡು ಕಲಿಸಿದ್ದು ಬಹಳ.

ಯೇನಾ ವಿಶ್ವವಿದ್ಯಾಲಯದ ಓದು ಸಾಲದ ದೆಸೆಯಿಂದ ಸೆರೆಮನೆಯಲ್ಲಿ ಮುಗಿಯಿತು. ವಾಸ್ತುಶಿಲ್ಪ ಕಲಿಯಲೆಂದು 1805ರಲ್ಲಿ ಫ್ರಾಂಕ್‌ಫರ್ಟಿಗೆ ಹೋದವನು ಉಪಾಧ್ಯಾಯನಾದನು. ಮುಂದೆ ಪೆಸ್ಟಲೋಜಿಯ ಬಳಿ ಎರಡು ವರ್ಷ ಇದ್ದನು. 1813ರಲ್ಲಿ ನೆಪೋಲಿಯನ್ನನ ವಿರುದ್ಧದ ಯುದ್ಧಕ್ಕೂ ಹೋಗಿಬಂದನು. 1817ರಲ್ಲಿ ಕೈಲ್‌ಹೌ ಗ್ರಾಮದಲ್ಲಿ ಶಾಲೆ ನಡೆಸತೊಡಗಿದನು. ಆದರೆ ಅವನ ನಿಜವಾದ ಕಾರ್ಯ ಆರಂಭವಾದುದು ಐವತ್ತೈದರ ವಯಸ್ಸಿನಲ್ಲಿ, 1837ರಲ್ಲಿ, ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ. ಅಲ್ಲಿ ಎಳೆಯ ಮಕ್ಕಳಿಗಾಗಿ ತೆರೆದ ಸಂಸ್ಥೆಗೆ 1840ರಲ್ಲಿ ಈ ಹೆಸರು ಬಂದಿತು.

ಅವನು ಕಲ್ಪಿಸಿದ ತೋಟದ ವಿನ್ಯಾಸವೇ ಒಂದು ಪಾಠ. ಪ್ರತಿಯೊಂದು ಮಗುವಿಗೂ ಒಂದು ಸ್ವಂತ ಪಾತಿ. ಅಲ್ಲಿ ಅದು ತನಗೆ ತೋಚಿದ್ದನ್ನು ನೆಡಬಹುದು, ಕೆಡಿಸಲೂಬಹುದು. ಆ ಚಿಕ್ಕ ಪಾತಿಗಳನ್ನು ಬಳಸಿ ಎಲ್ಲರಿಗೂ ಸೇರಿದ ಪಾತಿಗಳು: ಒಂದು ಕಡೆ ಹೂ, ಇನ್ನೊಂದು ಕಡೆ ತರಕಾರಿ, ಧಾನ್ಯ. ಬೀಜ ಎಷ್ಟು ದಿನಕ್ಕೆ ಮೊಳೆಯುವುದೆಂದು ಕಾಯುವ ಮಗುವಿಗೆ ಎಣಿಕೆ ತಾನಾಗಿ ಬರುತ್ತದೆ. ನೀರು ಹಾಕುವುದನ್ನು ಮರೆತರೆ ಆಗುವುದೇನೆಂದು ಯಾರೂ ಗದರಿಸಿ ಹೇಳಬೇಕಾಗಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನಲ್ಲಿ ಬೆಳೆಯುವ ಮಗು ಬತ್ತ, ಕಬ್ಬುಗಳನ್ನು ನೋಡುತ್ತಲೇ ಶಾಲೆಗೆ ಬರುತ್ತದೆ. ಒಳಗೆ ಬಂದೊಡನೆ ಅದಕ್ಕೆ ಪುಸ್ತಕದಲ್ಲಿ ಸೇಬಿನ ಚಿತ್ರವನ್ನು ತೋರಿಸುವುದು ವಿಚಿತ್ರವೇ ಸರಿ. ಬಿಸಿಯೂಟದ ಸಾರಿಗೆಂದು ಅಂಗಳದಲ್ಲಿ ಸೊಪ್ಪು ಬೆಳೆಯುವ ಹಳ್ಳಿಯ ಮೇಷ್ಟರು ಫ್ರೋಬೆಲನ ಹೆಸರು ಕೇಳದಿದ್ದರೂ ಅವನಿಗೆ ಹೆಚ್ಚು ಹತ್ತಿರದವರು.

1851ರ ಆಗಸ್ಟಿನಲ್ಲಿ ಪ್ರಷ್ಯದ ಸರಕಾರವು ಈ ಶಾಲೆಗಳನ್ನು ನಿಷೇಧಿಸಿತು. ಅವು ನಾಸ್ತಿಕತೆಯನ್ನೂ ಸಮಾಜವಾದವನ್ನೂ ಬಿತ್ತುತ್ತವೆಂಬುದು ಆರೋಪ. ಅವನ ಅಣ್ಣನ ಮಗ ಕಾರ್ಲನ ಬರಹವನ್ನು ಇವನದೆಂದು ಬಗೆದದ್ದೂ ಅದಕ್ಕೆ ಕಾರಣವೆನ್ನುತ್ತಾರೆ. ಮುದುಕನು ಮನವಿ ಮಾಡಿಕೊಂಡನು, ಫಲವಾಗಲಿಲ್ಲ. 1852ರ ಜೂನ್ 21ರಂದು ಮರಿಯೆಂಟಾಲ್‌ನಲ್ಲಿ ಕಣ್ಣು ಮುಚ್ಚಿದನು. ನಿಷೇಧ ತೆರವಾದುದು 1860ರಲ್ಲಿ. ಶ್ವೈನಾದ ಸ್ಮಶಾನದಲ್ಲಿರುವ ಅವನ ಸ್ಮಾರಕದಲ್ಲಿ, ಅವನು ಮಕ್ಕಳ ಆಟಕ್ಕೆಂದು ರೂಪಿಸಿದ ಘನ, ಸ್ತಂಭ, ಗೋಳಗಳನ್ನು ಕಲ್ಲಿನಲ್ಲಿ ಒಂದರ ಮೇಲೊಂದು ಇರಿಸಿದ್ದಾರೆ.