ಸೂಪಿನ ಡಬ್ಬಿಗೂ ಕಲೆಯ ಪಟ್ಟ ಕಟ್ಟಿದ ಆಂಡಿ ವಾರ್ಹಾಲ್

ಒಂದೇ ಅಚ್ಚಿನಿಂದ ಬೇಕಾದಷ್ಟು ಪ್ರತಿ ತೆಗೆಯಬಹುದಾದರೆ, ಅವುಗಳಲ್ಲಿ ಮೂಲಕೃತಿ ಯಾವುದು? ಕಲಾಲೋಕವನ್ನು ಈ ಪ್ರಶ್ನೆಯಿಂದ ಕಾಡಿದವರು ಅಮೆರಿಕದ ಪಾಪ್ ಕಲಾವಿದ ಆಂಡಿ ವಾರ್ಹಾಲ್.

1928ರ ಆಗಸ್ಟ್ 6ರಂದು ಪಿಟ್ಸ್‌ಬರ್ಗ್ ನಗರದಲ್ಲಿ ಅವರ ಜನನ. ತಂದೆ-ತಾಯಿ ಇಂದಿನ ಸ್ಲೊವಾಕಿಯಾದಿಂದ ವಲಸೆ ಬಂದ ಶ್ರಮಜೀವಿಗಳು. ಬಾಲ್ಯದಲ್ಲಿ ನರಸಂಬಂಧಿ ಕಾಯಿಲೆಯಿಂದ ಹಾಸಿಗೆ ಹಿಡಿದ ಮಗನಿಗೆ ತಾಯಿ ಜೂಲಿಯಾ ಚಿತ್ರ ಬಿಡಿಸಲು ಹುರಿದುಂಬಿಸಿದರು. ಸಿನಿಮಾ ತಾರೆಯರ ಮೋಹ ಅಂಟಿಕೊಂಡದ್ದೂ ಆಗಲೇ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡ ಅವರು 1949ರಲ್ಲಿ ಪದವಿ ಮುಗಿಸಿ ನ್ಯೂಯಾರ್ಕ್ ಸೇರಿ, ಪಾದರಕ್ಷೆಗಳ ಜಾಹೀರಾತು ಚಿತ್ರಗಳಿಂದ ಹೆಸರು ಮಾಡಿದರು.

1962ರ ಜುಲೈನಲ್ಲಿ ಲಾಸ್ ಏಂಜಲೀಸ್‌ನ ಫೆರಸ್ ಗ್ಯಾಲರಿಯಲ್ಲಿ ಅವರ 32 ಸೂಪಿನ ಡಬ್ಬಿಗಳ ಚಿತ್ರಗಳು ಪ್ರದರ್ಶನಗೊಂಡವು. ಅವು ಕೈಯಿಂದ ಬರೆದವು. ಮರುತಿಂಗಳು ನಟಿ ಮರಿಲಿನ್ ಮನ್ರೋ ನಿಧನರಾದಾಗ ವಾರ್ಹಾಲ್ ಆಕೆಯ ಪ್ರಚಾರಚಿತ್ರವೊಂದನ್ನು ಆರಿಸಿಕೊಂಡು ಸ್ಕ್ರೀನ್ ಪ್ರಿಂಟಿಂಗ್‌ಗೆ ಇಳಿಸಿದರು. ನಮ್ಮಲ್ಲಿ ಮದುವೆಯ ಕರೆಯೋಲೆ ಮುದ್ರಿಸಲು ಬಳಸುವ ವಿಧಾನವೇ ಇದು. ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಯ ಮೇಲೆ ಛಾಯಾಚಿತ್ರವನ್ನು ಮೂಡಿಸಿ, ಅದರ ರಂಧ್ರಗಳ ಮೂಲಕ ಬಣ್ಣವನ್ನು ಒತ್ತಿ ಇಳಿಸಲಾಗುತ್ತದೆ. ಬಣ್ಣ ಅಂಚು ಮೀರಿದರೂ ವಾರ್ಹಾಲ್ ಅದನ್ನು ತಿದ್ದದೆ ಉಳಿಸಿಕೊಂಡರು.

1967ರಲ್ಲಿ ಅದೇ ಮುಖ 10 ಬಣ್ಣ ಸಂಯೋಜನೆಗಳಲ್ಲಿ, 36 ಅಂಗುಲ ಚದರದ ಕಾಗದದ ಮೇಲೆ ಅಚ್ಚಾಯಿತು. ಮಾರಾಟಕ್ಕೆ ನಿಗದಿಪಡಿಸಿದ್ದು 250 ಸೆಟ್ ಮಾತ್ರ. ಪ್ರತಿಯೊಂದಕ್ಕೂ ಸಂಖ್ಯೆ ನೀಡಲಾಯಿತು. ಕೊನೆಯಿಲ್ಲದೆ ಮುದ್ರಿಸಬಲ್ಲ ವಿಧಾನಕ್ಕೆ ಕಲಾವಿದರೇ ಮಿತಿ ಹಾಕಿದರು. ಬೆಲೆ ಹುಟ್ಟಿದ್ದು ಆ ಮಿತಿಯಿಂದ. ಮಿತಿಯನ್ನು ಕಾಯುವುದು ಸುಲಭವಾಗಲಿಲ್ಲ. 1970ರ ದಶಕದಲ್ಲಿ ಇವೇ ಚಿತ್ರಗಳು ಬೆಲ್ಜಿಯಂನಲ್ಲಿ ಅಚ್ಚಾದವು. ಕೊಂಡವರೇ ಸಹಿ ಹಾಕಿಕೊಳ್ಳಲಿ ಎಂಬ ಸೂಚನೆಯ ಮೊಹರನ್ನು ಅವುಗಳ ಹಿಂಬದಿಗೆ ಒತ್ತಲಾಗಿತ್ತು.

1968ರಲ್ಲಿ ಗುಂಡೇಟಿನಿಂದ ಬದುಕುಳಿದ ವಾರ್ಹಾಲ್, 1987ರ ಫೆಬ್ರುವರಿ 22ರಂದು ಪಿತ್ತಕೋಶದ ಶಸ್ತ್ರಚಿಕಿತ್ಸೆಯ ನಂತರ ನ್ಯೂಯಾರ್ಕ್‌ನಲ್ಲಿ ಕೊನೆಯುಸಿರೆಳೆದರು. ಅಸಲಿ-ನಕಲಿಯ ವ್ಯಾಜ್ಯ ಅವರೊಂದಿಗೆ ಮಣ್ಣಾಗಲಿಲ್ಲ. ಕೃತಿಗಳ ಸಾಚಾತನ ನಿರ್ಧರಿಸುತ್ತಿದ್ದ ಮಂಡಳಿಯನ್ನು ವಿಸರ್ಜಿಸುವುದಾಗಿ ಅವರ ಹೆಸರಿನ ಪ್ರತಿಷ್ಠಾನ 2011ರಲ್ಲಿ ಪ್ರಕಟಿಸಿತು. ಮೊಕದ್ದಮೆಗಳ ಖರ್ಚು ಅಷ್ಟು ಬೆಳೆದಿತ್ತು.

1964ರಲ್ಲಿ ಕ್ಯಾನ್ವಾಸಿನ ಮೇಲೆ ಮುದ್ರಿಸಿದ ಅವರ ಮರಿಲಿನ್ ಚಿತ್ರವೊಂದು 2022ರ ಮೇ ತಿಂಗಳಲ್ಲಿ ಸುಮಾರು 19.5 ಕೋಟಿ ಡಾಲರ್‌ಗೆ ಹರಾಜಾಯಿತು. ಅಂಗಡಿಯ ಸರಕನ್ನು ಕಲೆಯ ಪಂಕ್ತಿಗೆ ಕೂರಿಸಿದವರ ಕೃತಿಯೇ ಕೊನೆಗೆ ಎಲ್ಲಕ್ಕಿಂತ ದುಬಾರಿ ಸರಕುಗಳಲ್ಲಿ ಒಂದಾಯಿತು.